ತಟ್ಟೆ ತಿರುಗಿಸಿ ನೋಡಿದಿರಾ?

ಕಳೆದ ಸಂಚಿಕೆಯಲ್ಲಿ ಆರ್ಮೇನಿಯನ್ ಪಿಂಗಾಣಿ, ಅಂದರೆ ಟರ್ಕಿಯ ಕುತಾಹ್ಯದಲ್ಲಿ, ಆಮೇಲೆ ಜೆರುಸಲೇಮಿನಲ್ಲಿ ಆರ್ಮೇನಿಯನ್ ಕ್ರೈಸ್ತರು ಕೈಯಲ್ಲಿ ಚಿತ್ರ ಬರೆದು ಮಾಡಿದ ತಟ್ಟೆ, ಟೈಲ್ಸ್ ಬಗ್ಗೆ ಮಾತಿನ ಮಧ್ಯೆ ಎರಡು ಸಾಲು ಬರೆದಿದ್ದೆ. ಬೆಂಗಳೂರಿನಲ್ಲಿ ಇಷ್ಟು ಮನೆಗಳ ಷೋಕೇಸಿನಲ್ಲಿ ನೀಲಿ ಹೂವಿನ ತಟ್ಟೆಗಳಿವೆ ಅಂತ ನಿಮ್ಮ ಪತ್ರಗಳು ಬಂದ ಮೇಲೆಯೇ ಗೊತ್ತಾಯಿತು. ಹೆಚ್ಚಿನವರು ಬೆಲೆ ಕೇಳಿದ್ದಾರೆ. ಫೋಟೋ ನೋಡಿ ಬೆಲೆ ಹೇಳುವುದಿಲ್ಲ, ಕ್ಷಮಿಸಿ. ತಟ್ಟೆ ಯಾರ ಕೈಯಿಂದ ಬಂತು ಅನ್ನೋದನ್ನು ಬೇಕಾದರೆ ಒಟ್ಟಿಗೆ ಕೂತು ಹುಡುಕಬಹುದು. ಅದು ತಿಳಿಯದೆ ಹೇಳುವ ಬೆಲೆ ಬರೀ ಗಾಳಿಮಾತು.

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಕುದುರೆ ಸವಾರರಾಗಿದ್ದರು. ಹೈಫಾ ಯುದ್ಧ ಮುಗಿಸಿ ಬರುವಾಗ ಜೆರುಸಲೇಮಿನಿಂದ ಒಂದು ಆರ್ಮೇನಿಯನ್ ತಟ್ಟೆ ತಂದರು ಅಂತ ಮನೆಯಲ್ಲಿ ಹೇಳುತ್ತಾರೆ. ನೀಲಿ, ಹಸಿರು ಹೂಗಳಿವೆ, ಮಧ್ಯೆ ಸ್ವಲ್ಪ ಕೆಂಪು. ತಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕುತಾಹ್ಯ ಅಂತ ಇದೆ, ಅದರಲ್ಲಿ ಯು ಅಕ್ಷರದ ಮೇಲೆ ಎರಡು ಚುಕ್ಕೆ. ಇದು ಎಷ್ಟು ಹಳೆಯದು?
(ಓದುಗರು, ಜೆ.ಸಿ. ನಗರ)

ನಿಮ್ಮ ಏರಿಯಾದಲ್ಲೇ ಲ್ಯಾನ್ಸರ್ಸ್ ಸ್ಮಾರಕ ಇದೆ, ಆದ್ದರಿಂದ ಕಥೆ ಕೇಳಿದ ತಕ್ಷಣ ನಂಬಬೇಕು ಅನಿಸುತ್ತೆ. ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಮೊದಲ ಮಹಾಯುದ್ಧದಲ್ಲಿ ಟರ್ಕರ ಕೈಯಿಂದ ಹೈಫಾ ಬಂದರನ್ನು ಹಿಡಿದದ್ದು 1918ರ ಸೆಪ್ಟೆಂಬರ್ 23ರಂದು. ಅದು ದಾಖಲೆಯಲ್ಲಿರುವ ಸಂಗತಿ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ತಟ್ಟೆಯದ್ದು.

ಮೊದಲನೆಯದಾಗಿ, ಕುತಾಹ್ಯ ಇರುವುದು ಟರ್ಕಿಯ ಪಶ್ಚಿಮ ಭಾಗದಲ್ಲಿ. ಜೆರುಸಲೇಮಿಗೂ ಅದಕ್ಕೂ ಬಹಳ ದೂರ. ಎರಡನೆಯದು ಇನ್ನೂ ಮುಖ್ಯ. 1928ರ ತನಕ ಟರ್ಕಿಯವರು ತಮ್ಮ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಕಾನೂನು ಬಂದು ರೋಮನ್ ಲಿಪಿಗೆ ಬದಲಾದರು. ನೀವು ಹೇಳುವ ಎರಡು ಚುಕ್ಕೆಯ ಯು ಆ ಹೊಸ ಲಿಪಿಯ ಅಕ್ಷರ. ಅಂದರೆ ನಿಮ್ಮ ತಟ್ಟೆ ಹೆಚ್ಚು ಕಡಿಮೆ ಖಚಿತವಾಗಿ 1928ರ ನಂತರದ್ದು. ಅಷ್ಟು ಹೊತ್ತಿಗೆ ಕುತಾಹ್ಯದಲ್ಲಿ ಆರ್ಮೇನಿಯನ್ ಕುಶಲಕರ್ಮಿಗಳು ಉಳಿದಿರಲಿಲ್ಲ ಅಂತಲೇ ಹೇಳಬೇಕು. ಕೆಲಸ ಮುಂದುವರಿಸಿದವರು ಅಲ್ಲಿನ ಟರ್ಕರು. ಅವರ ಕೆಲಸವೂ ಚೆನ್ನಾಗಿಯೇ ಇರುತ್ತೆ, ಆದರೆ ಅದನ್ನು ಆರ್ಮೇನಿಯನ್ ಅಂತ ಕರೆಯೋಕೆ ಬರಲ್ಲ.

ಹಾಗಂತ ಮನೆಯವರು ಸುಳ್ಳು ಹೇಳುತ್ತಿದ್ದಾರೆ ಅಂತ ಅಲ್ಲ. ಮುತ್ತಜ್ಜ ಏನೋ ತಂದಿರಬಹುದು. ಅದು ಒಡೆದು ಹೋಗಿ, ಆ ಜಾಗದಲ್ಲಿ ಇನ್ಯಾರೋ ತಂದ ತಟ್ಟೆ ಬಂದು ಕೂತು, ಹಳೆಯ ಕಥೆ ಹೊಸ ತಟ್ಟೆಗೆ ಅಂಟಿಕೊಂಡಿರಬಹುದು. ಹಳೆಯ ಮನೆಗಳಲ್ಲಿ ಇದು ದಿನಾ ನಡೆಯೋ ಸಂಗತಿ. ಅವರ ಟ್ರಂಕಿನಲ್ಲಿ ಪದಕ, ಪತ್ರ, ಪೇ ಬುಕ್ ಏನಾದರೂ ಇದ್ದರೆ ಅದನ್ನು ಮೊದಲು ಜೋಪಾನ ಮಾಡಿ. ತಟ್ಟೆಗಿಂತ ಅದು ಜಾಸ್ತಿ ದೊಡ್ಡ ಆಸ್ತಿ.

ಪ್ರಶ್ನೆ: ಊರು ಟರ್ಕಿಯದ್ದು, ಮಾರುವುದು ಜೆರುಸಲೇಮಿನಲ್ಲಿ, ಹೆಸರು ಮಾತ್ರ ಆರ್ಮೇನಿಯನ್. ಇದೇನು ಗೋಜಲು ಸಾರ್?
(ಓದುಗರು, ಬಸವನಗುಡಿ)

ಗೋಜಲೇ ಹೌದು. ಯಾಕೆಂದರೆ ಈ ಕಸುಬು ಒಂದು ದೇಶದ್ದಲ್ಲ, ಕೆಲವು ಮನೆತನಗಳದ್ದು. ಮನೆತನ ಹೋದ ಕಡೆ ಕಸುಬೂ ಹೋಯಿತು.

ಟರ್ಕಿ ಸುಲ್ತಾನರ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಟೈಲ್ಸಿಗೆ ಎರಡು ಊರು ಪ್ರಸಿದ್ಧ. ಇಜ್ನಿಕ್ ಮತ್ತು ಕುತಾಹ್ಯ. ಇಜ್ನಿಕ್‌ನದ್ದು ಸುಲ್ತಾನರ ಆಸ್ಥಾನದ ಕೆಲಸ, ಹದಿನೇಳನೇ ಶತಮಾನದಲ್ಲಿ ಅದು ಇಳಿಮುಖ ಆಯಿತು. ಕುತಾಹ್ಯದಲ್ಲಿ ಆರ್ಮೇನಿಯನ್ ಕ್ರೈಸ್ತ ಕುಟುಂಬಗಳು ಮೊದಲಿನಿಂದಲೂ ಈ ಕೆಲಸದಲ್ಲಿದ್ದವು. ಬ್ರಿಟಿಷ್ ಮ್ಯೂಸಿಯಂನಲ್ಲಿ ನೀಲಿ ಬಿಳಿ ಬಣ್ಣದ ಪುಟ್ಟ ಹೂಜಿ ಒಂದಿದೆ. ಅದರ ತಳದಲ್ಲಿ ಆರ್ಮೇನಿಯನ್ ಲಿಪಿಯ ಬರಹ: ಇದು ದೇವರ ಸೇವಕ, ಕುತಾಹ್ಯದ ಅಬ್ರಹಾಂನ ನೆನಪಿಗೆ ಅಂತ, ಜೊತೆಗೆ 959 ಅನ್ನೋ ವರ್ಷ. ಗಾಬರಿ ಆಗಬೇಡಿ, ಅದು ಆರ್ಮೇನಿಯನ್ ಶಕೆ. 551 ಕೂಡಿಸಿದರೆ ನಮ್ಮ ಲೆಕ್ಕದ 1510 ಬರುತ್ತೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಅವರು ಅಂಕಿಗಳನ್ನೂ ಅಕ್ಷರಗಳಲ್ಲೇ ಬರೆಯುತ್ತಿದ್ದರು, ಆದ್ದರಿಂದ ತಳದ ಮೇಲೆ ಸುಮ್ನೆ ಮೂರು ನಾಲ್ಕು ಅಕ್ಷರ ಕಂಡರೆ ಅದು ಹೆಸರೇ ಆಗಿರಬೇಕು ಅಂತೇನಿಲ್ಲ, ವರ್ಷವೂ ಆಗಿರಬಹುದು.

ಹದಿನೆಂಟನೇ ಶತಮಾನ ಕುತಾಹ್ಯದ ಸುಗ್ಗಿ ಕಾಲ. ಎದ್ದು ಕಾಣುವ ಹಳದಿ ಬಣ್ಣ ಬಂದದ್ದು ಆಗಲೇ. ಜೆರುಸಲೇಮಿನಲ್ಲಿರುವ ಯೇಸುವಿನ ಪವಿತ್ರ ಸಮಾಧಿಯ ಚರ್ಚಿನ ದುರಸ್ತಿಗೆ ಅಂತ 1718-19ರ ಸುಮಾರಿಗೆ ಬೈಬಲ್ ಕಥೆಗಳ ಚಿತ್ರವಿರುವ ಟೈಲ್ಸ್ ಮಾಡಿಸಿದರು. ಅವು ಕೊನೆಗೆ ಸೇರಿದ್ದು ಅದೇ ಊರಿನ ಆರ್ಮೇನಿಯನ್ ಬಡಾವಣೆಯ ಸೇಂಟ್ ಜೇಮ್ಸ್ ಕೆಥೆಡ್ರಲ್‌ಗೆ. ಇವತ್ತಿಗೂ ಅಲ್ಲೇ ಇವೆ. ಚರ್ಚಿನ ದೀಪಗಳ ಸರಪಳಿಗೆ ನೇತು ಹಾಕುವ ಮೊಟ್ಟೆ ಆಕಾರದ ಗುಂಡುಗಳನ್ನೂ ಇವರೇ ಮಾಡುತ್ತಿದ್ದರು, ಅದರ ಮೇಲೆ ರೆಕ್ಕೆ ಇರುವ ದೇವದೂತರ ಮುಖ. ಇಲಿ ಇಳಿದು ದೀಪದ ಎಣ್ಣೆ ಕುಡಿಯಬಾರದು, ಜಾರಿ ಬೀಳಬೇಕು ಅಂತ ಅವನ್ನು ಹಾಕುತ್ತಿದ್ದರು ಎಂದೂ ಹೇಳುತ್ತಾರೆ. ನನಗಂತೂ ಈ ವಿವರಣೆ ಬಹಳ ಇಷ್ಟ.

ಆಮೇಲೆ 1915 ಬಂತು. ಒಟ್ಟೋಮನ್ ಸರ್ಕಾರ ನಡೆಸಿದ ಆರ್ಮೇನಿಯನ್ನರ ಗಡೀಪಾರು ಮತ್ತು ಹತ್ಯಾಕಾಂಡದ ವರ್ಷ. ಕುತಾಹ್ಯದ ಅಧಿಕಾರಿ ಫೈಕ್ ಅಲಿ ಗಡೀಪಾರಿನ ಆದೇಶ ಜಾರಿ ಮಾಡಲು ಒಪ್ಪಲಿಲ್ಲ, ಆದ್ದರಿಂದ ಆ ಊರಿನ ಬಹಳ ಜನ ಮೊದಲಿಗೆ ಉಳಿದರು. ಆದರೆ ಅಲ್ಲಿನ ದೊಡ್ಡ ಕಾರ್ಖಾನೆದಾರ ಡೇವಿಡ್ ಒಹಾನೆಸಿಯನ್ ಉಳಿಯಲಿಲ್ಲ. ಹೆಂಡತಿ ಮಕ್ಕಳ ಜೊತೆ ಅವರನ್ನು ಊರು ಬಿಡಿಸಿದರು, ಅವರು ಕಷ್ಟಪಟ್ಟು ಸಿರಿಯಾದ ಅಲೆಪ್ಪೊ ತಲುಪಿದರು. ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಮಾರ್ಕ್ ಸೈಕ್ಸ್ ತಮ್ಮ ಯಾರ್ಕ್‌ಷೈರ್ ಬಂಗಲೆಯ ಒಂದು ಕೋಣೆಗೆ ಇವರಿಂದಲೇ ಟೈಲ್ಸ್ ಮಾಡಿಸಿದ್ದರು. ಹೌದು, ಮಧ್ಯಪ್ರಾಚ್ಯವನ್ನು ಭೂಪಟದ ಮೇಲೆ ಗೆರೆ ಎಳೆದು ಹಂಚಿದ ಅದೇ ಸೈಕ್ಸ್! ಯುದ್ಧ ಮುಗಿಯುವ ಹೊತ್ತಿಗೆ ಅಲೆಪ್ಪೊದಲ್ಲಿ ನಿರಾಶ್ರಿತರಾಗಿದ್ದ ಒಹಾನೆಸಿಯನ್ ಮತ್ತೆ ಸೈಕ್ಸ್ ಕಣ್ಣಿಗೆ ಬಿದ್ದರು. ಜೆರುಸಲೇಮಿನಲ್ಲಿ ಆಗ ಬ್ರಿಟಿಷರ ಆಡಳಿತ, ಗವರ್ನರ್ ರೊನಾಲ್ಡ್ ಸ್ಟೋರ್ಸ್. ಅಲ್ಲಿನ ಡೋಮ್ ಆಫ್ ದ ರಾಕ್ ಅನ್ನೋ ಮುಸ್ಲಿಮರ ಪವಿತ್ರ ಕಟ್ಟಡದ ಹೊರಗೋಡೆಗೆ ಹದಿನಾರನೇ ಶತಮಾನದಲ್ಲಿ ಸುಲ್ತಾನ್ ಸುಲೇಮಾನ್ ಹಾಕಿಸಿದ್ದ ಟೈಲ್ಸ್ ಉದುರುತ್ತಿದ್ದವು, ರಿಪೇರಿಗೆ ಬಲ್ಲವರು ಬೇಕಿತ್ತು. ಸರಿ, ಇವರನ್ನು ಕರೆಸಿದರು.

ಒಹಾನೆಸಿಯನ್ 1919ರಲ್ಲಿ ಕುತಾಹ್ಯದಿಂದ ಇನ್ನಿಬ್ಬರನ್ನು ಕರೆತಂದರು. ಮಣ್ಣಿನ ಕೆಲಸಕ್ಕೆ ನೆಷಾನ್ ಬಾಲಿಯನ್, ಚಿತ್ರಕ್ಕೆ ಮಗರ್ದಿಚ್ ಕರಕಾಷಿಯನ್. ತಮಾಷೆ ನೋಡಿ, ಯಾವ ಕೆಲಸಕ್ಕೆ ಬಂದರೋ ಆ ದೊಡ್ಡ ರಿಪೇರಿ ಅಂದುಕೊಂಡ ಹಾಗೆ ನಡೆಯಲೇ ಇಲ್ಲ. ಹೊಟ್ಟೆಪಾಡಿಗೆ ತಟ್ಟೆ, ಬಟ್ಟಲು, ಹೂದಾನಿ ಮಾಡಿ ಯಾತ್ರಿಕರಿಗೆ ಮಾರಲು ಶುರು ಮಾಡಿದರು. ಬಾಲಿಯನ್ ಮತ್ತು ಕರಕಾಷಿಯನ್ 1922ರಲ್ಲಿ ಬೇರೆಯಾಗಿ ನಬ್ಲುಸ್ ರಸ್ತೆಯಲ್ಲಿ ಸ್ವಂತ ಕಾರ್ಖಾನೆ ಹಾಕಿದರು. ಒಹಾನೆಸಿಯನ್ ಇಸ್ರೇಲ್ ಹುಟ್ಟಿದ 1948ರ ಗಲಾಟೆಯಲ್ಲಿ ಮತ್ತೆ ಊರು ಬಿಟ್ಟರು, 1953ರಲ್ಲಿ ಬೈರೂತ್‌ನಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಎರಡು ಸಲ ಭಟ್ಟಿ ಬಿಟ್ಟು ಹೋಗಬೇಕಾಯಿತು. ಬಾಲಿಯನ್, ಕರಕಾಷಿಯನ್ ಮನೆಯವರು ಮಾತ್ರ ಅಲ್ಲೇ ಉಳಿದು ಕೆಲಸ ಮುಂದುವರಿಸಿದರು.

ಪ್ರಶ್ನೆ: ಹಿಡಿ ಇಲ್ಲದ, ಅಂಗೈಯಲ್ಲಿ ಕೂರುವಷ್ಟು ಸಣ್ಣ ಬಟ್ಟಲು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಕುತಾಹ್ಯದ್ದು ಅಂತ ಹೇಳಿ ಕೊಟ್ಟರು. ಇದರಲ್ಲಿ ಏನು ಹಾಕುತ್ತಿದ್ದರು? ಕುಂಕುಮವೇ?
(ಓದುಗರು, ಮಲ್ಲೇಶ್ವರ)

ಕಾಫಿ! ಮಲ್ಲೇಶ್ವರದವರು ಇದನ್ನು ಕೇಳಬಾರದಿತ್ತು. ಒಟ್ಟೋಮನ್ ಕಾಫಿ ಡಿಕಾಕ್ಷನ್‌ನಷ್ಟೇ ಗಟ್ಟಿ, ಹಾಲಿಲ್ಲ, ಮೂರು ನಾಲ್ಕು ಗುಟುಕು ಅಷ್ಟೇ. ಅದಕ್ಕೆ ಇಷ್ಟು ಸಣ್ಣ ಬಟ್ಟಲು ಸಾಕು. ಕುತಾಹ್ಯದ ಕುಶಲಕರ್ಮಿಗಳಿಗೆ ದಿನದ ಅನ್ನ ಕೊಟ್ಟದ್ದು ಚರ್ಚಿನ ಟೈಲ್ಸ್ ಅಲ್ಲ, ಈ ಬಟ್ಟಲುಗಳು. ಕಾಫಿ ಬಟ್ಟಲು ಮಾಡುವ ಮಾಲೀಕರು ಮತ್ತು ಕೆಲಸಗಾರರು ಕೂಲಿ ವಿಷಯಕ್ಕೆ 1766ರಲ್ಲಿ ಲಿಖಿತ ಒಪ್ಪಂದವನ್ನೇ ಮಾಡಿಕೊಂಡಿದ್ದರು. ಹಳೆಯವು ಬಹಳ ತೆಳ್ಳಗೆ, ಹಗುರ. ನಿಮ್ಮದು ದಪ್ಪಗೆ, ಭಾರವಾಗಿ ಇದ್ದರೆ ಅನುಮಾನಪಡಿ.

ಪ್ರಶ್ನೆ: ಅಪ್ಪ ಅಮ್ಮ ಎಂಬತ್ತರ ದಶಕದಲ್ಲಿ ಜೆರುಸಲೇಮ್ ಯಾತ್ರೆಗೆ ಹೋದಾಗ ಒಂದು ಟೈಲ್ ತಂದರು. ಒಂದು ಹೂಜಿಯಿಂದ ದ್ರಾಕ್ಷಿ ಬಳ್ಳಿ ಏಳುತ್ತೆ, ಬಳ್ಳಿಯ ಸುತ್ತುಗಳ ಒಳಗೆ ಒಂದೊಂದು ಹಕ್ಕಿ. ಇದು ಆಂಟಿಕ್ ಅಲ್ಲ ಅಂತ ಅಂಗಡಿಯವರು ಮೂಗು ಮುರಿದರು.
(ಓದುಗರು, ಫ್ರೇಜರ್ ಟೌನ್)

ಮೂಗು ಮುರಿದುಕೊಳ್ಳಲಿ ಬಿಡಿ. ನಿಮ್ಮ ಟೈಲ್‌ನಲ್ಲಿರುವುದು ಈ ಕಸುಬಿನವರಿಗೆ ಬಹಳ ಹತ್ತಿರದ ಚಿತ್ರ. ಜೆರುಸಲೇಮಿನ ಡಮಾಸ್ಕಸ್ ಗೇಟ್ ಹತ್ತಿರ 1894ರಲ್ಲಿ ನೆಲ ಅಗೆಯುವಾಗ ಒಂದು ಮೊಸಾಯಿಕ್ ನೆಲಹಾಸು ಸಿಕ್ಕಿತು. ಐದು ಆರನೇ ಶತಮಾನದ್ದು. ಹೂಜಿ, ಬಳ್ಳಿ, ನವಿಲು, ಬಾತುಕೋಳಿ, ಪಂಜರದ ಹಕ್ಕಿ ಎಲ್ಲ ಅದರಲ್ಲಿದೆ. ಮೇಲೆ ಆರ್ಮೇನಿಯನ್ ಭಾಷೆಯಲ್ಲಿ ಬರೆದಿರೋದು ಇಷ್ಟು: ಯಾರ ಹೆಸರು ದೇವರಿಗೆ ಮಾತ್ರ ಗೊತ್ತೋ ಆ ಎಲ್ಲ ಆರ್ಮೇನಿಯನ್ನರ ನೆನಪಿಗೆ ಮತ್ತು ಮೋಕ್ಷಕ್ಕೆ. ಮನೆ ಮಠ ಕಳೆದುಕೊಂಡು ಬಂದ ಕುಶಲಕರ್ಮಿಗಳ ಊರಿನಲ್ಲೇ ಹೀಗೊಂದು ಬರಹ ಸಿಕ್ಕಿತ್ತು ಅಂದರೆ ಅವರು ಅದನ್ನು ಬಿಡುತ್ತಾರಾ? ಆ ಬಳ್ಳಿ, ಹಕ್ಕಿ ಎರಡೂ ತಟ್ಟೆಗೆ, ಟೈಲ್ಸಿಗೆ ಹತ್ತಿದವು. ಕುತಾಹ್ಯದ ಹಳೆಯ ನಮೂನೆಗಳಲ್ಲಿ ಈ ಚಿತ್ರ ಇರಲಿಲ್ಲ.

ಟೈಲ್ ಹಿಂದೆ ಬಾಲಿಯನ್ ಹೆಸರಿದೆಯಾ ನೋಡಿ. ಆ ಮನೆಗೆ ಸೊಸೆಯಾಗಿ ಬಂದ ಮರಿ ಬಾಲಿಯನ್ ಫ್ರಾನ್ಸಿನಲ್ಲಿ ಹುಟ್ಟಿ, ಲಿಯೋನ್‌ನಲ್ಲಿ ಕಲೆ ಓದಿದವರು. ಐವತ್ತರ ದಶಕದಲ್ಲಿ ಜೆರುಸಲೇಮಿಗೆ ಬಂದು, ಗೋಡೆ ತುಂಬುವಷ್ಟು ದೊಡ್ಡ ಟೈಲ್ ಚಿತ್ರಗಳನ್ನು ಮಾಡಿದರು. ಓಡುವ ಜಿಂಕೆ, ತಾಳೆ ಮರ, ಉದ್ದ ಬಾಲದ ಹಕ್ಕಿ. ಅವರ ಕೆಲಸವನ್ನು 1992ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಕಾರ್ಖಾನೆಗಳ ಕಥೆಯಲ್ಲಿ ಹೆಣ್ಣುಮಕ್ಕಳು ಕುಂಚ ಹಿಡಿದು ಕೂತಿರುತ್ತಾರೆ, ಹೆಸರು ಮಾತ್ರ ಗಂಡಸರದ್ದೇ ಬರುತ್ತೆ. ಇವರು ಅಪರೂಪ. ನೂರು ವರ್ಷ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಇಂಥದ್ದನ್ನು ಕೀಳಾಗಿ ನೋಡುವವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ.

ಪ್ರಶ್ನೆ: ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೆ ಸಾಮಾನು ಹುಡುಕುವ ಚಟ ನನಗೆ. ಕೈಯಲ್ಲಿ ಬರೆದದ್ದೋ ಪ್ರಿಂಟ್ ಮಾಡಿದ್ದೋ ಅಂತ ಅಲ್ಲೇ ನಿಂತು ಕಂಡುಹಿಡಿಯೋದು ಹೇಗೆ?
(ಓದುಗರು, ಹನುಮಂತನಗರ)

ಜೇಬಿನಲ್ಲಿ ಒಂದು ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ. ಪ್ರಿಂಟ್ ಆದರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಒಡೆದು ಕಾಣುತ್ತೆ, ಪೇಪರಿನ ಫೋಟೋದಲ್ಲಿ ಕಾಣುತ್ತಲ್ಲ ಹಾಗೆ. ಕೈ ಬರಹದಲ್ಲಿ ಚುಕ್ಕೆ ಇರಲ್ಲ, ಬಣ್ಣ ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ದಟ್ಟವಾಗಿ ನಿಂತಿರುತ್ತೆ.

ಉಳಿದದ್ದು ಅರ್ಥ ಆಗಬೇಕಾದರೆ ಕೆಲಸ ಹೇಗೆ ನಡೆಯುತ್ತೆ ಅಂತ ಗೊತ್ತಿರಬೇಕು. ಮೊದಲು ತಟ್ಟೆಯನ್ನು ಒಂದು ಸಲ ಸುಡುತ್ತಾರೆ. ಚಿತ್ರ ಬರೆದ ಕಾಗದದ ಗೆರೆಗಳ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿರುತ್ತಾರೆ. ಅದನ್ನು ತಟ್ಟೆ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಾರೆ. ನಮ್ಮ ತೂತಿನ ರಂಗೋಲಿ ತಟ್ಟೆಯ ಹಾಗೆಯೇ, ಕಾಗದ ಎತ್ತಿದರೆ ಕೆಳಗೆ ಚುಕ್ಕಿಗಳು. ಆ ಚುಕ್ಕಿಗಳನ್ನು ಹಿಡಿದು ಒಬ್ಬರು ಸಣ್ಣ ಕುಂಚದಲ್ಲಿ ಕಪ್ಪು ಅಂಚಿನ ಗೆರೆ ಎಳೆಯುತ್ತಾರೆ, ಇನ್ನೊಬ್ಬರು ಒಳಗೆ ಬಣ್ಣ ತುಂಬುತ್ತಾರೆ. ನೀಲಿಗೆ ಕೋಬಾಲ್ಟ್, ಹಸಿರು ನೀಲಿಗೆ ತಾಮ್ರ. ಆಗ ನೋಡಿದರೆ ಚಿತ್ರ ಮಂಕಾಗಿ, ಬೂದು ಬೂದಾಗಿ ಇರುತ್ತೆ. ಆಮೇಲೆ ಗ್ಲೇಜ್, ಅಂದರೆ ಗಾಜಿನ ಲೇಪದ ಪುಡಿ, ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಬರೆದದ್ದೆಲ್ಲ ಬಿಳಿ ಪುಡಿಯ ಕೆಳಗೆ ಮುಚ್ಚಿ ಹೋಗುತ್ತೆ. ಮತ್ತೆ ಭಟ್ಟಿಗೆ ಹೋಗಿ ಆ ಪುಡಿ ಕರಗಿ ಗಾಜಾದಾಗ ಬಣ್ಣ ಏಳುತ್ತೆ. ಅಲ್ಲಿಯ ತನಕ ಬರೆದವರಿಗೂ ಧೈರ್ಯ ಇರಲ್ಲ.

ಆದ್ದರಿಂದ ನೀವು ನೋಡಬೇಕಾದದ್ದು ಆ ಕಪ್ಪು ಗೆರೆ. ಎಲೆಯ ತುದಿಗೆ ಬಂದಾಗ ಗೆರೆ ಸಣ್ಣಗಾಗಬೇಕು, ತಿರುವಿನಲ್ಲಿ ಸ್ವಲ್ಪ ದಪ್ಪ ಆಗಬೇಕು. ಒಂದೇ ಹೂವು ತಟ್ಟೆಯಲ್ಲಿ ನಾಲ್ಕು ಕಡೆ ಇದ್ದರೆ ನಾಲ್ಕನ್ನೂ ಹೋಲಿಸಿ. ಒಂದಕ್ಕೊಂದು ತದ್ರೂಪ ಇದ್ದರೆ ಕೆಳಗಿಟ್ಟು ಮುಂದೆ ನಡೆಯಿರಿ. ಬಣ್ಣ ಗೆರೆಯ ಆಚೆ ಒಂಚೂರು ಚಾಚಿದ್ದರೆ ಒಳ್ಳೆಯ ಲಕ್ಷಣ. ಬೆರಳಿನಿಂದ ಸವರಿದರೆ ಬಣ್ಣ ಕೈಗೆ ಸಿಗಬಾರದು, ಅದು ಗಾಜಿನ ಕೆಳಗಿರುತ್ತೆ.

ತಳದ ಬರಹದ ವಿಷಯ: ಪ್ಯಾಲೆಸ್ಟೀನಿಯನ್ ಪಾಟರಿ ಅಂತ ಇದ್ದರೆ ಅದು 1948ಕ್ಕೆ ಮೊದಲಿನದ್ದೇ ಅಂತ ಮಾರುವವರು ಹೇಳುತ್ತಾರೆ. ಅದು ಬಾಲಿಯನ್, ಕರಕಾಷಿಯನ್ ಕಾರ್ಖಾನೆಯ ಹೆಸರು, ದೇಶದ ಹೆಸರಲ್ಲ. ಅದನ್ನು ನೋಡಿ ವರ್ಷ ಹೇಳೋಕಾಗಲ್ಲ. ಹೆಸರೇ ಇಲ್ಲದ ಒಳ್ಳೆಯ ತಟ್ಟೆಗಳೂ ಇವೆ. ಹೆಸರು ಹೊಸದಾಗಿ ಬರೆಸಿಕೊಂಡ ಕೆಟ್ಟ ತಟ್ಟೆಗಳೂ ಇವೆ.

ಪ್ರಶ್ನೆ: ನಮ್ಮ ಅತ್ತೆ ಇಂಥ ಹಳೆ ಬಟ್ಟಲಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿಡುತ್ತಾರೆ. ಹೇಳಿದರೆ ಕೇಳಲ್ಲ. ನೀವೇ ಹೇಳಿ.
(ಓದುಗರು, ವಿಜಯನಗರ)

ಅತ್ತೆಯವರೇ, ದಯವಿಟ್ಟು ತೆಗೆದುಬಿಡಿ. ಹಳೆಯ ಗ್ಲೇಜ್‌ನಲ್ಲಿ ಸೀಸ ಇರುತ್ತೆ. ಹುಳಿ ತಾಗಿದರೆ ಅದು ಊಟಕ್ಕೆ ಇಳಿಯುತ್ತೆ, ಉಪ್ಪಿನಕಾಯಿಯಂತೂ ತಿಂಗಳುಗಟ್ಟಲೆ ಅದರಲ್ಲೇ ಕೂತಿರುತ್ತೆ. ನಿಂಬೆ, ಹುಣಸೆ, ಸಾರು, ಮೊಸರು ಯಾವುದೂ ಬೇಡ. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಗ್ರತೆ. ಹೊಸ ತಟ್ಟೆ ಕೊಳ್ಳುವವರು ಊಟಕ್ಕೆ ಬಳಸಬಹುದಾ ಅಂತ ಕೇಳಿಯೇ ಕೊಳ್ಳಿ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯೋದೂ ಬೇಡ, ಇದು ಹಿತ್ತಾಳೆ ಅಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.

ಪ್ರಶ್ನೆ: ಬೆಕ್ಕು ಬೀಳಿಸಿ ತಟ್ಟೆ ಮೂರು ಚೂರಾಗಿದೆ. ಅಂಗಡಿಯ ಗಮ್ ಹಾಕಿ ಅಂಟಿಸಲಾ?
(ಓದುಗರು, ರಾಜಾಜಿನಗರ)

ಬೇಡ. ಆ ಗಮ್ ಅವಸರಕ್ಕೆ ಗಟ್ಟಿ ಹಿಡಿಯುತ್ತೆ, ಒಂದು ಕೂದಲೆಳೆ ಆಚೀಚೆ ಆದರೆ ಮೂರನೇ ಚೂರು ಕೂರುವುದೇ ಇಲ್ಲ. ಆಮೇಲೆ ಬಿಡಿಸೋದೂ ಕಷ್ಟ. ಸಂರಕ್ಷಣೆ ಕಲಿತವರು ಬಳಸುವ ಅಂಟನ್ನು ಬೇಕೆಂದಾಗ ಕರಗಿಸಿ ತೆಗೆಯಬಹುದು. ಚೂರುಗಳನ್ನು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಪುಡಿ ಚೂರನ್ನೂ ಬಿಸಾಕಬೇಡಿ. ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಬೆಕ್ಕಿಗೆ ಬೈಯಬೇಡಿ, ಅಂಚಿಗೆ ಇಟ್ಟವರು ಯಾರು ಅಂತ ಕೇಳಿ.

ಪ್ರಶ್ನೆ: ಅಜ್ಜಿಯ ಕಾಲದ ಟೈಲ್ ಒಂದನ್ನು ಅಮೆರಿಕದಲ್ಲಿರುವ ತಂಗಿಗೆ ಕೊರಿಯರ್ ಮಾಡಬೇಕು. ತೊಂದರೆ ಏನಾದರೂ ಇದೆಯಾ?
(ಓದುಗರು, ಜಯನಗರ)

ನೂರು ವರ್ಷ ದಾಟಿದ್ದರೆ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಂಥ ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಪುರಾತತ್ವ ಇಲಾಖೆಯ ಕಚೇರಿ ಇದೆ. ವಸ್ತು ತೋರಿಸಿ, ಇದು ಪುರಾತನ ವಸ್ತು ಅಲ್ಲ ಅನ್ನೋ ಪ್ರಮಾಣಪತ್ರ ಹೇಗೆ ಪಡೆಯೋದು ಅಂತ ಕೇಳಿ. ಕೊರಿಯರ್‌ನವರು ಏನೂ ಬೇಡ ಮೇಡಂ, ನಾವು ಕಳಿಸುತ್ತೇವೆ ಅಂದರೂ ಮೊದಲು ಈ ಕಾಗದ ಮಾಡಿಸಿಕೊಳ್ಳಿ. ಕಸ್ಟಮ್ಸ್‌ನಲ್ಲಿ ಡಬ್ಬ ಬಿಚ್ಚಿದಾಗ ಉತ್ತರ ಹೇಳಬೇಕಾದವರು ಕಳಿಸಿದವರು. ಹಾಗೇ ಟೈಲ್‌ನ ಮುಂದೆ, ಹಿಂದೆ, ಅಂಚಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಜ್ಜಿಗೆ ಅದು ಎಲ್ಲಿಂದ, ಯಾರ ಮೂಲಕ ಬಂತು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ತಂಗಿಗೂ ಒಂದು ಪ್ರತಿ ಹಾಕಿ.